ಬೀರುವಿನಿಂದ ಮಕ್ಕಳ ಕೈಗೆ

ಕಲೆ, ಇತಿಹಾಸ, ಸಂಸ್ಕೃತಿ ಕುರಿತ ಪುಸ್ತಕಗಳು ಮಕ್ಕಳಿಗೆ ತಮ್ಮ ಊರನ್ನೇ ಹೊಸದಾಗಿ ಪರಿಚಯಿಸುತ್ತವೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ ಇರುತ್ತವೆ. ಇದನ್ನು ಓದಿದ ಬಾಲಕಿಯು ಕೆರೆಯಂಚಿನ ಕೆತ್ತನೆಯ ಕಲ್ಲನ್ನು ಬಟ್ಟೆ ಒಗೆಯುವ ಬಂಡೆಯೆಂದು ಭಾವಿಸುವುದಿಲ್ಲ.

2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನದಡಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಆದರೆ ಪುಸ್ತಕ ಕಳೆದುಹೋದೀತೆಂಬ ಅಂಜಿಕೆಯಿಂದ ಬೀರುವಿಗೆ ಬೀಗ ಹಾಕಿದಲ್ಲಿ ಸದಸ್ಯತ್ವವು ಹೆಸರಿಗಷ್ಟೇ ಉಳಿಯುತ್ತದೆ. ಓದಿ ಸವೆದ ಪುಸ್ತಕ ನಷ್ಟವಲ್ಲ. ಓದದೆ ಗೆದ್ದಲು ಹಿಡಿದದ್ದೇ ನಷ್ಟ.

ಆದ್ದರಿಂದ ಸದಸ್ಯರು ತಮ್ಮ ವಾರ್ಡಿನ ಮಕ್ಕಳೊಡನೆ ಗ್ರಂಥಾಲಯಕ್ಕೆ ಭೇಟಿ ನೀಡಿ, ಪುಸ್ತಕಗಳನ್ನು ಮನೆಗೆ ಕೊಡಲಾಗುತ್ತಿದೆಯೇ ಎಂಬುದನ್ನು ವಿತರಣಾ ವಹಿಯಲ್ಲಿ ಪರಿಶೀಲಿಸುವುದು ಅಪೇಕ್ಷಣೀಯ.