ಬಿರುದಿಲ್ಲದ ದೊರೆ: ಮಿನ್ನೆಸೋಟ ಫ್ಯಾಟ್ಸ್ ಮತ್ತು ಹಳೆಯ ಪೂಲ್ ಹಾಲ್‌ಗಳು

ಅಮೆರಿಕದ ಪೂಲ್ ಆಟದಲ್ಲಿ, ಅಂದರೆ ಕ್ಯೂ ಎಂಬ ಕೋಲಿನಿಂದ ಚೆಂಡುಗಳನ್ನು ಮೇಜಿನ ಪಾಕೆಟ್‌ಗಳಿಗೆ ಬೀಳಿಸುವ ಆಟದಲ್ಲಿ, ಘಟಾನುಘಟಿ ಚಾಂಪಿಯನ್ನರು ಬಂದು ಹೋಗಿದ್ದಾರೆ. ಆದರೆ ಆ ದೇಶದ ಜನಸಾಮಾನ್ಯರ ಬಾಯಲ್ಲಿ ದಶಕಗಟ್ಟಲೆ ನಿಂತ ಹೆಸರು, ಒಂದೇ ಒಂದು ದೊಡ್ಡ ಪಂದ್ಯಾವಳಿಯನ್ನೂ ಗೆಲ್ಲದ ಒಬ್ಬ ದಡೂತಿ ಮನುಷ್ಯನದು. ಅವರೇ ಮಿನ್ನೆಸೋಟ ಫ್ಯಾಟ್ಸ್. ತಂದೆ ತಾಯಿ ಇಟ್ಟ ಹೆಸರು ರುಡಾಲ್ಫ್ ವಾಂಡರೋನ್. 1996ರ ಜನವರಿಯಲ್ಲಿ ಟೆನೆಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಅವರು ತೀರಿಕೊಂಡಾಗ ಅಮೆರಿಕದ ದೊಡ್ಡ ಪತ್ರಿಕೆಗಳು ಅಕ್ಕರೆಯಿಂದಲೇ ಬೀಳ್ಕೊಟ್ಟವು. ಜೀವನವಿಡೀ ಪಣ ಕಟ್ಟಿ ಆಡಿ ಹೊಟ್ಟೆ ಹೊರೆದವರ ಮೇಲೆ ಇಷ್ಟು ಪ್ರೀತಿ ಎಲ್ಲಿಂದ ಬಂತು? ಇದಕ್ಕೆ ಉತ್ತರ ಬೇಕಿದ್ದರೆ ಅವರನ್ನು ಬೆಳೆಸಿದ ಹಳೆಯ ಪೂಲ್ ಹಾಲ್‌ಗಳ ಒಳಗೆ ಒಮ್ಮೆ ಹೋಗಿ ಬರಬೇಕು.

ಹಾಲ್ ಎಂಬ ಲೋಕ

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಯಾವ ಪಟ್ಟಣಕ್ಕೆ ಹೋದರೂ ಪೂಲ್ ಹಾಲ್ ಇರುತ್ತಿತ್ತು. ಸಣ್ಣ ಊರಿನಲ್ಲಿ ಕ್ಷೌರದಂಗಡಿಯ ಹಿಂದೆ ಎರಡು ಮೇಜು, ನ್ಯೂಯಾರ್ಕ್, ಷಿಕಾಗೊಗಳಲ್ಲಾದರೆ ಸಾಲು ಸಾಲು ಮೇಜುಗಳ ವಿಶಾಲ ಮಹಡಿ. ಮೇಜಿನ ಮೈ ಕಲ್ಲಿನದು. ನಯವಾಗಿ ಉಜ್ಜಿದ ಸ್ಲೇಟು ಚಪ್ಪಡಿ, ಅದರ ಮೇಲೆ ಬಿಗಿದು ಕಟ್ಟಿದ ಹಸಿರು ಉಣ್ಣೆ ಬಟ್ಟೆ. ಪ್ರತಿ ಮೇಜಿನ ನೆತ್ತಿಯ ಮೇಲೆ ತಗ್ಗಿಗೆ ಇಳಿಬಿಟ್ಟ ದೀಪ. ಗೋಡೆಯುದ್ದಕ್ಕೂ ನೋಡುಗರಿಗಾಗಿ ಎತ್ತರದ ಕುರ್ಚಿಗಳು. ಬಾಡಿಗೆ ಗಂಟೆಯ ಲೆಕ್ಕ. ಜೂಜು ಆಡಬಾರದೆಂಬ ಫಲಕ ಗೋಡೆಯ ಮೇಲೆ ತೂಗುತ್ತಿದ್ದರೂ ಅದರ ಕೆಳಗೇ ಹಣ ಕೈ ಬದಲಾಯಿಸುತ್ತಿತ್ತು.

ಮರ್ಯಾದಸ್ಥರ ಮನೆಗಳಲ್ಲಿ ಈ ಹಾಲ್‌ಗಳಿಗೆ ಒಳ್ಳೆಯ ಹೆಸರಿರಲಿಲ್ಲ. ಕುದುರೆ ಜೂಜಿನ ಕಟ್ಟೆಗಳಲ್ಲಿ ಒಂದು ರೇಸಿಗೂ ಇನ್ನೊಂದಕ್ಕೂ ನಡುವೆ ಹೊತ್ತು ಕಳೆಯಲೆಂದು ಮೇಜುಗಳನ್ನು ಇಟ್ಟಿದ್ದರಿಂದ ಆಟಕ್ಕೂ ಆ ಕಳಂಕ ಅಂಟಿತ್ತು. 1957ರಲ್ಲಿ ಬ್ರಾಡ್‌ವೇಗೆ ಬಂದ ‘ದಿ ಮ್ಯೂಸಿಕ್ ಮ್ಯಾನ್’ ಸಂಗೀತ ನಾಟಕದಲ್ಲಿ, ಊರಿಗೆ ಪೂಲ್ ಮೇಜು ಬಂದಿದೆ, ನಿಮ್ಮ ಮಕ್ಕಳು ಹಾಳಾಗುತ್ತಾರೆ ಎಂದು ಹೆದರಿಸಿಯೇ ಒಬ್ಬ ವಂಚಕ ಊರವರನ್ನು ಬಲೆಗೆ ಬೀಳಿಸುತ್ತಾನೆ. ಭಯ ಅಷ್ಟು ಚಿರಪರಿಚಿತವಾಗಿತ್ತು.

ಆದರೆ ಒಳಗಿದ್ದವರಿಗೆ ಅದು ಬೇರೆಯೇ ಲೋಕ. ಮದುವೆಯಾಗದ ಗಂಡಸರು, ರಾತ್ರಿ ಪಾಳಿ ಮುಗಿಸಿದ ಕೂಲಿಗಳು, ವಲಸೆ ಬಂದವರ ಮಕ್ಕಳು, ಕೆಲಸ ಕಳೆದುಕೊಂಡವರು ಎಲ್ಲರಿಗೂ ಅಲ್ಲಿ ಜಾಗವಿತ್ತು. ಊರಿನ ಗರಡಿಮನೆಯ ಹಾಗೆ ಅಲ್ಲಿ ಪಾಠ ಹೇಳುವ ಪುಸ್ತಕವಿರಲಿಲ್ಲ. ನೋಡಿ ಕಲಿಯಬೇಕು, ಸೋತು ಕಲಿಯಬೇಕು. ಹುಡುಗನೊಬ್ಬ ಚೆಂಡುಗಳನ್ನು ಜೋಡಿಸಿಕೊಡುತ್ತ, ನೆಲ ಗುಡಿಸುತ್ತ ವರ್ಷಗಟ್ಟಲೆ ಹಿರಿಯರ ಕೈಚಳಕ ನೋಡಿ ಆಮೇಲೆ ತಾನೇ ಕ್ಯೂ ಹಿಡಿಯುತ್ತಿದ್ದ.

ಹಸ್ಲರ್‌ನ ಕಸುಬು

ಈ ಲೋಕದ ನಾಯಕ ಹಸ್ಲರ್. ತನ್ನ ನಿಜವಾದ ಆಟವನ್ನು ಮುಚ್ಚಿಟ್ಟು, ಎದುರಾಳಿಗೆ ಗೆಲ್ಲುವ ಆಸೆ ಹುಟ್ಟಿಸಿ ಪಣಕ್ಕೆ ಎಳೆಯುವವನು. ಹೊರಗಿನವರಿಗೆ ಇದು ಬರೀ ಮೋಸದಂತೆ ಕಾಣಬಹುದು. ಮೋಸ ಇತ್ತು ನಿಜ. ಆದರೆ ಅದರ ಜೊತೆಗೆ ಒಂದು ಕಠಿಣ ಕಸುಬೂ ಇತ್ತು.

ಚೆಂಡನ್ನು ಪಾಕೆಟ್‌ಗೆ ಹಾಕುವುದು ಕಷ್ಟ. ಯಾರಿಗೂ ಅನುಮಾನ ಬಾರದಂತೆ ಕೂದಲೆಳೆಯಲ್ಲಿ ತಪ್ಪಿಸುವುದು ಇನ್ನೂ ಕಷ್ಟ. ಹತ್ತು ಚೆಂಡಿನ ಅಂತರದಲ್ಲಿ ಗೆಲ್ಲಬಲ್ಲವನು ಒಂದೇ ಚೆಂಡಿನಲ್ಲಿ ಗೆಲ್ಲಬೇಕು, ಅದೂ ಅದೃಷ್ಟದಿಂದ ಗೆದ್ದಂತೆ ಕಾಣಬೇಕು. ಪಳಗಿದ ಆಟಗಾರರು ಎದುರಾದಾಗ ಈ ನಾಟಕ ನಡೆಯುವುದಿಲ್ಲ. ಅಲ್ಲಿ ಆಟ ಶುರುವಾಗುವ ಮೊದಲೇ ನಿಜವಾದ ಪಂದ್ಯ ನಡೆದುಹೋಗುತ್ತದೆ: ಯಾರು ಯಾರಿಗೆ ಎಷ್ಟು ಬಿಟ್ಟುಕೊಡಬೇಕೆಂಬ ಚೌಕಾಸಿ. ಒನ್ ಪಾಕೆಟ್ ಎಂಬ ಆಟದಲ್ಲಿ ಆರು ಪಾಕೆಟ್‌ಗಳ ಪೈಕಿ ಮೂಲೆಯ ಒಂದು ನನಗೆ, ಇನ್ನೊಂದು ನಿಮಗೆ. ಯಾರು ತಮ್ಮ ಪಾಕೆಟ್‌ಗೆ ಮೊದಲು ಎಂಟು ಚೆಂಡು ಹಾಕುತ್ತಾರೋ ಅವರು ಗೆದ್ದಂತೆ. ಬಲಶಾಲಿ ಆಟಗಾರ ‘ನಾನು ಒಂಬತ್ತು ಹಾಕುತ್ತೇನೆ, ನೀವು ಏಳು ಹಾಕಿದರೆ ಸಾಕು’ ಎನ್ನುತ್ತಾನೆ. ಆ ಎರಡು ಸಂಖ್ಯೆಗಳನ್ನು ಸರಿಯಾಗಿ ಕುದುರಿಸಿಕೊಂಡವನು ಅರ್ಧ ಗೆದ್ದ ಹಾಗೆ. ಎದುರಿಗಿರುವವನ ಕೈ ಎಂಥದ್ದು, ಜೇಬಿನಲ್ಲಿ ಎಷ್ಟಿದೆ, ಸೋತಾಗ ಎದೆಗುಂದುತ್ತಾನೋ ರೊಚ್ಚಿಗೇಳುತ್ತಾನೋ, ಇದೆಲ್ಲವನ್ನೂ ಮಾತಿನ ನಡುವೆಯೇ ಅಳೆಯಬೇಕು.

ಬಹಳಷ್ಟು ಹಸ್ಲರ್‌ಗಳ ಹಿಂದೆ ಹಣ ಹೂಡುವ ಧಣಿಯೊಬ್ಬ ಇರುತ್ತಿದ್ದ. ಸೋತರೆ ನಷ್ಟ ಅವನದು, ಗೆದ್ದರೆ ಲಾಭದಲ್ಲಿ ಪಾಲು. ಹಾಲ್‌ಗೆ ಅಲಿಖಿತ ಕಾನೂನುಗಳೂ ಇದ್ದವು. ಸೋತ ಹಣ ಸ್ಥಳದಲ್ಲೇ ಕೊಡಬೇಕು. ನಡೆಯುತ್ತಿರುವ ಆಟದಲ್ಲಿ ನೋಡುಗರು ಬಾಯಿ ಹಾಕಬಾರದು. ಒಂದೇ ಊರಿನಲ್ಲಿ ಉಳಿದರೆ ಮುಖ ಪರಿಚಯವಾಗಿ ಯಾರೂ ಪಣಕ್ಕೆ ಬರುವುದಿಲ್ಲ, ಹಾಗಾಗಿ ಹಸ್ಲರ್ ಊರೂರು ಅಲೆಯಲೇಬೇಕಿತ್ತು. ಜೆರ್ಸಿ ರೆಡ್, ಬೋಸ್ಟನ್ ಶಾರ್ಟಿ, ಕಾರ್ನ್‌ಬ್ರೆಡ್ ರೆಡ್, ಎಡ್ಡಿ ಟೇಲರ್‌ಗೆ ಅಂಟಿದ ‘ನಾಕ್ಸ್‌ವಿಲ್ ಕರಡಿ’ ಎಂಬ ಅಡ್ಡಹೆಸರುಗಳು ಹುಟ್ಟಿದ್ದು ಈ ಅಲೆದಾಟದಲ್ಲೇ. ಈ ಕಸುಬಿನ ದೊಡ್ಡ ನೋವು ಒಂದೇ: ತನ್ನ ಅತ್ಯುತ್ತಮ ಆಟವನ್ನು ಜಗತ್ತಿಗೆ ತೋರಿಸುವ ಹಾಗಿಲ್ಲ.

ಮುಚ್ಚಿಡದ ಹಸ್ಲರ್

ವಾಂಡರೋನ್ ಈ ನಿಯಮವನ್ನೇ ತಲೆಕೆಳಗು ಮಾಡಿದರು. ದಾಖಲೆಗಳ ಪ್ರಕಾರ 1913ರಲ್ಲಿ ನ್ಯೂಯಾರ್ಕ್‌ನಲ್ಲಿ, ಸ್ವಿಟ್ಜರ್ಲೆಂಡ್‌ನಿಂದ ವಲಸೆ ಬಂದ ದಂಪತಿಯ ಮಗನಾಗಿ ಹುಟ್ಟಿದವರು. ಹುಡುಗಾಟದ ವಯಸ್ಸಿನಲ್ಲೇ ಹಾಲ್‌ಗಳ ಪಾಲಾದರು. ನ್ಯೂಯಾರ್ಕ್ ಫ್ಯಾಟ್ಸ್, ಬ್ರಾಡ್‌ವೇ ಫ್ಯಾಟ್ಸ್ ಎಂದೆಲ್ಲ ಅವರನ್ನು ಕರೆಯುತ್ತಿದ್ದರು. 1941ರಲ್ಲಿ ದಕ್ಷಿಣ ಇಲಿನಾಯ್‌ಗೆ ಬಂದವರು ಅಲ್ಲಿ ಎವಲಿನ್ ಎಂಬವರನ್ನು ಮದುವೆಯಾಗಿ, ಡೌವೆಲ್ ಎಂಬ ಪುಟ್ಟ ಊರಿನಲ್ಲಿ ನೆಲೆಸಿದರು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನೌಕಾಪಡೆಯ ಹಣ ಹರಿದಾಡುತ್ತಿದ್ದ ವರ್ಜೀನಿಯಾದ ನಾರ್ಫೋಕ್ ಬಂದರು ಅವರ ಕಣವಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ಡೌವೆಲ್. ಬೀದಿ ನಾಯಿ, ಬೆಕ್ಕುಗಳನ್ನು ಡಜನುಗಟ್ಟಲೆ ಸಾಕುತ್ತ, ಪೂಲ್ ಆಟದಂತೆಯೇ ತಾನೂ ಮರೆಗೆ ಸರಿಯುತ್ತಿರುವ ಮನುಷ್ಯನಂತೆ ಬದುಕಿದ್ದರು.

ಅಷ್ಟರಲ್ಲಿ ಸಿನಿಮಾ ಬಂತು. ವಾಲ್ಟರ್ ಟೆವಿಸ್ 1959ರಲ್ಲಿ ಬರೆದ ‘ದಿ ಹಸ್ಲರ್’ ಕಾದಂಬರಿಯನ್ನು 1961ರಲ್ಲಿ ರಾಬರ್ಟ್ ರಾಸನ್ ಚಿತ್ರವಾಗಿಸಿದರು. ಪಾಲ್ ನ್ಯೂಮನ್ ‘ಫಾಸ್ಟ್ ಎಡ್ಡಿ’, ಜಾಕಿ ಗ್ಲೀಸನ್ ‘ಮಿನ್ನೆಸೋಟ ಫ್ಯಾಟ್ಸ್’. ನ್ಯೂಯಾರ್ಕ್‌ನ ಏಮ್ಸ್ ಎಂಬ ನಿಜವಾದ ಹಾಲ್‌ನಲ್ಲೇ ಮುಖ್ಯ ದೃಶ್ಯಗಳ ಚಿತ್ರೀಕರಣ ನಡೆಯಿತು. ಕಪ್ಪು ಬಿಳುಪು ಛಾಯಾಗ್ರಹಣ, ಕಲಾ ನಿರ್ದೇಶನಗಳಿಗೆ ಆಸ್ಕರ್ ಸಿಕ್ಕಿತು. ಚಿತ್ರ ನೋಡಿದ ವಾಂಡರೋನ್, ತೆರೆಯ ಮೇಲಿನ ಫ್ಯಾಟ್ಸ್ ತಾನೇ ಎಂದು ಸಾರಿದರು. ಆ ಪಾತ್ರ ತನ್ನ ಕಲ್ಪನೆಯದು ಎಂದು ಟೆವಿಸ್ ಮತ್ತೆ ಮತ್ತೆ ಹೇಳಿದರೂ ಪ್ರಯೋಜನವಾಗಲಿಲ್ಲ. ವಾಂಡರೋನ್ ಆ ಹೆಸರನ್ನೇ ತಮ್ಮದಾಗಿಸಿಕೊಂಡರು, ಜನರೂ ಒಪ್ಪಿಕೊಂಡರು.

ಆಮೇಲೆ ಅವರದು ಟೆಲಿವಿಷನ್ ಕಾರ್ಯಕ್ರಮ, ಊರೂರಿನಲ್ಲಿ ಪ್ರದರ್ಶನ ಆಟ, ಪೂಲ್ ಮೇಜು ತಯಾರಿಸುವ ಕಂಪನಿಯಲ್ಲಿ ಹುದ್ದೆ, 1966ರಲ್ಲಿ ಪತ್ರಕರ್ತ ಟಾಮ್ ಫಾಕ್ಸ್ ಜೊತೆ ಸೇರಿ ಬರೆದ ಆತ್ಮಕಥೆ. ಎಲ್ಲೆಡೆ ಮಾತೋ ಮಾತು. ಹಣ ಪಣಕ್ಕಿದ್ದಾಗ ತಾನು ಜೀವನದಲ್ಲೇ ಸೋತಿಲ್ಲ ಎಂದು ಸಾರುತ್ತಿದ್ದರು. ಕಥೆಗಳನ್ನು ಹಿಗ್ಗಿಸುತ್ತಿದ್ದರು, ವಯಸ್ಸನ್ನೂ ಹಿಗ್ಗಿಸುತ್ತಿದ್ದರು. ಕೇಳುವವರಿಗೆ ಅದು ಗೊತ್ತಿತ್ತು, ಆದರೂ ಇನ್ನೊಂದು ಹೇಳಿ ಎನ್ನುತ್ತಿದ್ದರು. ಹಾಲ್‌ನ ಕತ್ತಲಿನಲ್ಲಿ ಹುಟ್ಟಿದ ಆ ಮಾತುಗಾರಿಕೆಯನ್ನು ಅವರು ಮನೆಮನೆಯ ಬೈಠಕ್ಕಿಗೆ ತಂದರು. ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಸಾಧನೆ ಇದೇ.

ಚಾಂಪಿಯನ್ ಮತ್ತು ಮಾತುಗಾರ

ಫ್ಯಾಟ್ಸ್ ಅವರ ಈ ಪ್ರಸಿದ್ಧಿಯನ್ನು ಎಲ್ಲರೂ ಒಪ್ಪಲಿಲ್ಲ. ಅದರಲ್ಲೂ ವಿಲ್ಲಿ ಮಸ್ಕೋನಿ. ಫಿಲಡೆಲ್ಫಿಯಾದಲ್ಲಿ ಪೂಲ್ ಹಾಲ್ ಇಟ್ಟಿದ್ದ ತಂದೆ ಮಗ ಕ್ಯೂ ಮುಟ್ಟುವುದು ಬೇಡವೆಂದಾಗ, ಪೊರಕೆ ಹಿಡಿ ಮತ್ತು ದುಂಡನೆಯ ಆಲೂಗಡ್ಡೆಗಳಿಂದ ಕದ್ದು ಅಭ್ಯಾಸ ಮಾಡಿದರೆಂಬ ಕಥೆ ಅವರ ಬಗ್ಗೆ ಪ್ರಸಿದ್ಧ. 1941ರಿಂದ 1957ರ ನಡುವೆ 15 ಬಾರಿ ವಿಶ್ವ ಚಾಂಪಿಯನ್ ಆದವರು. 1954ರಲ್ಲಿ ಓಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂದೂ ತಪ್ಪದೆ 526 ಚೆಂಡುಗಳನ್ನು ಪಾಕೆಟ್‌ಗೆ ಹಾಕಿದರು. ‘ದಿ ಹಸ್ಲರ್’ ಚಿತ್ರಕ್ಕೆ ತಾಂತ್ರಿಕ ಸಲಹೆಗಾರರೂ ಅವರೇ. ಸೂಟು ಬೂಟು ತೊಟ್ಟು, ಆಟಕ್ಕೆ ಅಂಟಿದ ಜೂಜಿನ ಕಲೆಯನ್ನು ತೊಳೆಯಲು ಜೀವಮಾನವಿಡೀ ದುಡಿದವರಿಗೆ, ಜೂಜನ್ನೇ ಮೆರೆಸುವ ಫ್ಯಾಟ್ಸ್ ಪ್ರಸಿದ್ಧರಾದದ್ದು ಸಹಿಸಲಾಗಲಿಲ್ಲ.

1978ರ ಫೆಬ್ರುವರಿ 14ರಂದು ನ್ಯೂಯಾರ್ಕ್‌ನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಇಬ್ಬರೂ ಮುಖಾಮುಖಿಯಾದರು. ಎಬಿಸಿ ವಾಹಿನಿ ಅದನ್ನು ದೇಶಕ್ಕೆ ತೋರಿಸಿತು. ವೀಕ್ಷಕ ವಿವರಣೆ ಹೊವಾರ್ಡ್ ಕೋಸೆಲ್‌ದು. ಮಸ್ಕೋನಿ ಮಾತಾಡದೆ ಚೆಂಡು ಹಾಕುತ್ತ ಹೋದರು, ಫ್ಯಾಟ್ಸ್ ಮಾತು ನಿಲ್ಲಿಸಲಿಲ್ಲ. ಪಂದ್ಯ ಗೆದ್ದವರು ಮಸ್ಕೋನಿ. ನೋಡುಗರನ್ನು ಗೆದ್ದವರು ಫ್ಯಾಟ್ಸ್. ಮಸ್ಕೋನಿಯವರ ಸಿಟ್ಟಿನಲ್ಲಿ ನ್ಯಾಯವಿತ್ತು. ಆದರೆ ಆಟ ಉಳಿಯಲು ಪರಿಪೂರ್ಣ ಆಟಗಾರ ಒಬ್ಬನೇ ಸಾಲದು, ಜನರನ್ನು ಕರೆತಂದು ಮೇಜಿನ ಸುತ್ತ ಕೂರಿಸುವವನೂ ಬೇಕು. 1984ರಲ್ಲಿ ಅಮೆರಿಕದ ಬಿಲಿಯರ್ಡ್ಸ್ ಸಂಸ್ಥೆ ಆಟಕ್ಕೆ ಸಲ್ಲಿಸಿದ ಸೇವೆಗಾಗಿ ಫ್ಯಾಟ್ಸ್ ಅವರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿಕೊಂಡಿತು.

ಜಾನ್‌ಸ್ಟನ್ ಸಿಟಿಯ ಜಾತ್ರೆ

ಹಸ್ಲರ್‌ಗಳೆಲ್ಲ ಒಂದೆಡೆ ಸೇರಿ, ಮುಚ್ಚಿಡದೆ ಆಡಿದರೆ ಯಾರು ಮೇಲು? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವರು ಜಾರ್ಜ್ ಮತ್ತು ಪಾಲಿ ಜಾನ್ಸ್ಕೊ ಸಹೋದರರು. ಡೌವೆಲ್‌ಗೆ ಹತ್ತಿರದ, ಕಲ್ಲಿದ್ದಲು ಸೀಮೆಯ ಜಾನ್‌ಸ್ಟನ್ ಸಿಟಿಯಲ್ಲಿ 1961ರಲ್ಲಿ ಒನ್ ಪಾಕೆಟ್ ಪಂದ್ಯಾವಳಿ ಏರ್ಪಡಿಸಿದರು. ಮರುವರ್ಷ ನೈನ್ ಬಾಲ್, ಸ್ಟ್ರೈಟ್ ಪೂಲ್ ಎಂಬ ಪೂಲ್‌ನ ಇನ್ನೆರಡು ಬಗೆಗಳೂ ಸೇರಿದವು. ಮೂರರಲ್ಲೂ ಪಳಗಿದವರಿಗೆ ಸರ್ವಾಂಗೀಣ ಚಾಂಪಿಯನ್ ಪಟ್ಟ. ಉತ್ತರ ಕೆರೊಲಿನಾದ ಲೂಥರ್ ಲ್ಯಾಸಿಟರ್‌ರಂಥ ಅಪ್ರತಿಮ ಆಟಗಾರರ ನಿಜವಾದ ಮಟ್ಟವನ್ನು ಹೊರಗಿನವರು ಕಣ್ಣಾರೆ ಕಂಡದ್ದು ಅಲ್ಲಿ. ಟೆಲಿವಿಷನ್ ಕ್ಯಾಮೆರಾಗಳು ಆ ಪುಟ್ಟ ಊರಿಗೆ ಬಂದವು. ಹಗಲು ಅಧಿಕೃತ ಪಂದ್ಯ. ರಾತ್ರಿ ಬೆಳಗಾಗುವ ತನಕ ಪಣದ ಆಟ. ಆ ರಾತ್ರಿಯ ಆಟಗಳೇ ಕೊನೆಗೆ ಮುಳುವಾದವು. 1972ರಲ್ಲಿ ಫೆಡರಲ್ ಅಧಿಕಾರಿಗಳು ಜೂಜಿನ ಆರೋಪದ ಮೇಲೆ ದಾಳಿ ಮಾಡಿದರು. ಜಾತ್ರೆ ಅಲ್ಲಿಗೆ ಮುಗಿಯಿತು.

ಹಾಲ್‌ಗಳು ಮಾತ್ರ ಅದಕ್ಕೂ ಮೊದಲೇ ಸೊರಗಿದ್ದವು. ಹಸ್ಲರ್‌ಗಳ ನಡುವೆ ಓಡಾಡಿ ಅವರ ಬದುಕನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ನೆಡ್ ಪೋಲ್ಸ್ಕಿ 1967ರ ತಮ್ಮ ಪುಸ್ತಕದಲ್ಲಿ ಕಾರಣ ಕೊಟ್ಟಿದ್ದಾರೆ: ಮದುವೆಯಾಗದೆ ಉಳಿದ ಗಂಡಸರ ಒಂದು ಇಡೀ ಸಮಾಜವೇ ಕರಗುತ್ತ ಬಂತು, ಅದನ್ನೇ ನಂಬಿದ್ದ ಹಾಲ್‌ಗಳೂ ಕರಗಿದವು. 1961ರ ಚಿತ್ರ ಒಂದಿಷ್ಟು ಕಾಲ ಜೀವ ತುಂಬಿತು. 1986ರಲ್ಲಿ ಅದರ ಮುಂದುವರಿಕೆಯಾಗಿ ಮಾರ್ಟಿನ್ ಸ್ಕಾರ್ಸೇಸಿಯ ‘ದಿ ಕಲರ್ ಆಫ್ ಮನಿ’ ಚಿತ್ರ ಬಂದಾಗ ಮತ್ತೊಮ್ಮೆ ಚೇತರಿಕೆ. ಆದರೆ ಹೊಸದಾಗಿ ತೆರೆದವು ಬೆಳಕು ತುಂಬಿದ, ಸಂಸಾರ ಸಮೇತ ಹೋಗಬಹುದಾದ ಕ್ಲಬ್‌ಗಳು. ಹಿಂದೆ ಹೆಂಗಸರು ಕಾಲಿಡಲೂ ಹಿಂಜರಿಯುತ್ತಿದ್ದ ಜಾಗ ಎಲ್ಲರಿಗೂ ತೆರೆದುಕೊಂಡದ್ದು ಒಳ್ಳೆಯದೇ ಆಯಿತು.

ಫ್ಯಾಟ್ಸ್ ಇಳಿವಯಸ್ಸಿನ ಕೆಲವು ವರ್ಷಗಳನ್ನು ನ್ಯಾಶ್‌ವಿಲ್‌ನ ಹರ್ಮಿಟೇಜ್ ಹೋಟೆಲಿನಲ್ಲಿ ಕಳೆದರು. ಪಾರಿವಾಳಗಳಿಗೆ ಕಾಳು ಹಾಕುವುದು, ಬಂದವರಿಗೆ ಹೆಸರಿನ ಮೊಹರು ಒತ್ತಿ ಕೊಡುವುದು, ಕಥೆ ಹೇಳುವುದು ದಿನಚರಿಯಾಗಿತ್ತು.

ನಮ್ಮ ಮೇಜುಗಳು

ಈ ಕಥೆ ಅಮೆರಿಕದ್ದು. ಆದರೆ ಕ್ಯೂ ಮತ್ತು ಚೆಂಡಿನ ನಂಟು ನಮಗೂ ಹಳೆಯದು. ಸ್ನೂಕರ್ ಹುಟ್ಟಿದ್ದೇ 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ನಡುವೆ. ಅದರ ನಿಯಮಗಳು ರೂಪ ಪಡೆದದ್ದು ನಮ್ಮ ಪಕ್ಕದ ಊಟಿಯ ಕ್ಲಬ್‌ನಲ್ಲಿ. 2003ರಲ್ಲಿ ಹದಿನೆಂಟರ ಹರೆಯದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದು, ಆಮೇಲೆ ಬಿಲಿಯರ್ಡ್ಸ್‌ನಲ್ಲೂ ಪ್ರಶಸ್ತಿಗಳನ್ನು ಬಾಚಿದ ಪಂಕಜ್ ಅಡ್ವಾಣಿ ಬೆಂಗಳೂರಿನಲ್ಲೇ ಆಟ ಕಲಿತವರು. ಆದರೂ ಮಗ ಸ್ನೂಕರ್ ಪಾರ್ಲರ್‌ಗೆ ಹೋಗುತ್ತಾನೆಂದರೆ ಇವತ್ತಿಗೂ ನಮ್ಮ ಎಷ್ಟೋ ಮನೆಗಳಲ್ಲಿ ಆತಂಕ. ಪಣಕ್ಕೆ ಬಿದ್ದು ಮನೆ ಕಳೆದುಕೊಂಡವರು ಎಲ್ಲ ದೇಶದಲ್ಲೂ ಇದ್ದಾರೆ, ಹಾಗಾಗಿ ಆ ಆತಂಕ ಪೂರ್ತಿ ಸುಳ್ಳಲ್ಲ. ಜೂಜನ್ನು ದೂರವಿಡೋಣ, ಆಟವನ್ನಲ್ಲ.

ಇನ್ನೊಂದು ಮಾತು. ಫ್ಯಾಟ್ಸ್ ಬಾಯಿಬಡುಕರಾಗಿದ್ದರಿಂದ ಅವರ ಕಾಲದ ಹಾಲ್‌ಗಳ ನೆನಪು ಉಳಿಯಿತು. ಪೋಲ್ಸ್ಕಿಯಂಥವರು ಕೂತು ಬರೆದಿಟ್ಟರು. ನಮ್ಮ ಕ್ಲಬ್‌ಗಳಲ್ಲಿ ಅಂಕ ಬರೆಯುತ್ತ, ಚೆಂಡು ಜೋಡಿಸುತ್ತ, ಸದಸ್ಯರಿಗೆ ಆಟ ಕಲಿಸುತ್ತ ಜೀವ ಸವೆಸಿದ ಮಾರ್ಕರ್‌ಗಳಿದ್ದಾರೆ. ಅವರಲ್ಲಿ ಎಷ್ಟೋ ಮಂದಿಯ ಕೈ ಯಾವ ಚಾಂಪಿಯನ್‌ಗೂ ಕಡಿಮೆಯಿಲ್ಲದ್ದು. ಅವರು ಕಂಡ ಆಟ, ಕೇಳಿದ ಮಾತು ಯಾವ ದಾಖಲೆಯಲ್ಲೂ ಇಲ್ಲ. ನಿಮ್ಮ ಊರಿನ ಕ್ಲಬ್‌ನಲ್ಲೋ ಪಾರ್ಲರ್‌ನಲ್ಲೋ ಅಂಥ ಹಿರಿಯರೊಬ್ಬರಿದ್ದರೆ ಹೋಗಿ ಮಾತಾಡಿಸಿ, ಅವರು ಹೇಳಿದ್ದನ್ನು ಬರೆದಿಡಿ. ಪದಕಗಳ ಪಟ್ಟಿ ಹೇಗೂ ಉಳಿಯುತ್ತದೆ. ಆಟವನ್ನು ಬದುಕಿದವರ ಕಥೆಯನ್ನು ಉಳಿಸಬೇಕಾದವರು ನಾವು.