ತೆರೆ ಬಿದ್ದ ಮೇಲೆ ಹಾರ್ಮೋನಿಯಂ ಯಾರ ಕೈಗೆ?

ಭತ್ತ ಕಣಜ ಸೇರಿ, ಹೊಗೆಸೊಪ್ಪಿನ ಹರಾಜಿನ ದುಡ್ಡು ಕೈಗೆ ಬಂದು, ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹಳ್ಳಿಗಳಲ್ಲಿ ಒಂದು ಮಾತು ಏಳುವುದುಂಟು: ‘ಈ ವರ್ಷ ನಾಟಕ ಕಟ್ಟೋಣವೇ?’ ನಾಟಕ ಎಂದರೆ ಇಲ್ಲಿ ಬಹುಪಾಲು ‘ಕುರುಕ್ಷೇತ್ರ’ವೇ. ಅದಿಲ್ಲದಿದ್ದರೆ ‘ರಾಜಾ ವಿಕ್ರಮ’, ‘ದಕ್ಷಯಜ್ಞ’ ಅಥವಾ ರಾಮಾಯಣ. ಮಾತಿನಷ್ಟೇ ಹಾಡೂ ತುಂಬಿರುವ ಈ ಆಟಗಳು ರಾತ್ರಿ ಊಟವಾದ ಮೇಲೆ ಶುರುವಾದರೆ ಮುಗಿಯುವುದು ಕೋಳಿ ಕೂಗುವ ಹೊತ್ತಿಗೆ.

ಹಳ್ಳಿಗೆ ಈ ಬಗೆಯ ನಾಟಕದ ರುಚಿ ಹತ್ತಿಸಿದ್ದು ಕಂಪನಿಗಳು. ಆ ಕಂಪನಿಗಳ ಕಾಲ ಹಳೇ ಮೈಸೂರಿನಲ್ಲಿ ಮುಗಿದು ದಶಕಗಳೇ ಕಳೆದಿವೆ. ಜನರಿಗೆ ಬೇಡವಾಯಿತು, ಮುಚ್ಚಿದವು ಎಂದುಬಿಡುವುದು ಸುಲಭ. ಆದರೆ ಬೇಡವಾದ ನಾಟಕವನ್ನು ಜನ ಇಂದಿಗೂ ಕೈಯಿಂದ ದುಡ್ಡು ಹಾಕಿ ಆಡುವುದೇಕೆ? ಜನಪ್ರಿಯ ಸಂಗೀತ ನಾಟಕವೊಂದು ನಿಲ್ಲುವುದರ ಹಿಂದೆ ಅಭಿರುಚಿಯ ಲೆಕ್ಕಕ್ಕಿಂತ ದೊಡ್ಡದಾಗಿ ಖರ್ಚಿನ ಲೆಕ್ಕವಿರುತ್ತದೆ. ಅದನ್ನು ತಿಳಿದರೆ, ಮುಂದೆ ಅದರ ಜಾಗಕ್ಕೆ ಏನು ಬರಬಹುದು ಎಂಬುದೂ ತಿಳಿಯುತ್ತದೆ.

ಅರಮನೆಯಿಂದ ಡೇರೆಗೆ

ಮೈಸೂರಿನ ವೃತ್ತಿರಂಗಭೂಮಿಗೆ ಬುನಾದಿ ಬಿದ್ದದ್ದು 1880ರ ದಶಕದಲ್ಲಿ. ಹತ್ತನೆಯ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಹುಟ್ಟಿತು. ಬಸವಪ್ಪ ಶಾಸ್ತ್ರಿಗಳ ಕನ್ನಡ ‘ಶಾಕುಂತಲ’ ರಂಗಕ್ಕೆ ಬಂತು. ಮುಂದೆ ವರದಾಚಾರ್ಯರ ರತ್ನಾವಳಿ ಕಂಪನಿ, ಮಹಮದ್ ಪೀರ್ ಅವರ ಚಂದ್ರಕಲಾ ಕಂಪನಿ, ಸುಬ್ಬಯ್ಯ ನಾಯ್ಡು ಅವರ ಸಾಹಿತ್ಯ ಸಾಮ್ರಾಜ್ಯ ಮಂಡಳಿ ಹೆಸರು ಮಾಡಿದವು. ಇವೆಲ್ಲಕ್ಕೂ ಮಿಗಿಲಾಗಿ ಮನೆಮಾತಾದದ್ದು 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ. ಗುಬ್ಬಿ ವೀರಣ್ಣನವರು ‘ಸದಾರಮೆ’ಯಲ್ಲಿ ಕಳ್ಳನಾಗಿ ಬಂದರೆ ನಗದವರಿಲ್ಲ. 1934ರ ‘ಕುರುಕ್ಷೇತ್ರ’ದಲ್ಲಂತೂ ಆನೆ, ಕುದುರೆಗಳೇ ರಂಗಕ್ಕೆ ಬಂದವು.

ಈ ನಾಟಕಗಳ ಜೀವ ಸಂಗೀತ. ನಟನಿಗೆ ಮೊದಲು ಕಂಠ ಬೇಕು, ಆಮೇಲೆ ಅಭಿನಯ. ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಎಂಬ ಕೂಗು. ಸತ್ತು ಬಿದ್ದ ಪಾತ್ರಧಾರಿಯೂ ಎದ್ದು ಮತ್ತೊಮ್ಮೆ ಹಾಡಿ, ಮತ್ತೆ ಸಾಯಬೇಕಾಗುತ್ತಿತ್ತು ಎಂದು ಹಿರಿಯರು ನಗುತ್ತಾ ಹೇಳುವುದುಂಟು.

ಮುಚ್ಚಿದ್ದೇಕೆ?

ದೊಡ್ಡ ಕಂಪನಿ ಎಂದರೆ ಒಂದು ಸಣ್ಣ ಊರು ಇದ್ದಂತೆ. ನಟರು, ವಾದ್ಯಗಾರರು, ಪರದೆ ಬರೆಯುವವರು, ದೀಪದವರು, ಬಡಗಿಗಳು, ಅಡುಗೆಯವರು, ಅವರವರ ಹೆಂಡತಿ ಮಕ್ಕಳು. ಆಟ ನಡೆಯಲಿ, ಬಿಡಲಿ, ದಿನವೂ ಎಲ್ಲರಿಗೂ ಊಟ ಆಗಲೇಬೇಕು. ಮಳೆ ಹಿಡಿದು ಡೇರೆ ಸೋರಿದರೆ ವಾರಗಟ್ಟಲೆ ಟಿಕೆಟ್ ಹಣವಿಲ್ಲ. ಕ್ಯಾಂಪ್ ಎತ್ತಿ ಮುಂದಿನ ಊರಿಗೆ ಸಾಮಾನು ಸಾಗಿಸಲು ಮತ್ತೆ ಸಾಲ. ಡೇರೆ ತುಂಬಿದ ರಾತ್ರಿಯ ಗಳಿಕೆ ಖಾಲಿ ರಾತ್ರಿಗಳ ಸಾಲಕ್ಕೇ ಸಂದಾಯ.

ಈ ಹೊತ್ತಿಗೆ ಸಿನಿಮಾ ಬಂತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದೂ 1934ರಲ್ಲೇ. ಅದರ ನಾಯಕ ಸುಬ್ಬಯ್ಯ ನಾಯ್ಡು ಕಂಪನಿಯ ನಟ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಕಾಣಿಸಿಕೊಂಡ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೂವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಸಿನಿಮಾ ಕಸಿದುಕೊಂಡದ್ದು ಪ್ರೇಕ್ಷಕರನ್ನು ಮಾತ್ರವಲ್ಲ, ಹಾಡುವ ನಟರನ್ನೂ. ಒಮ್ಮೆ ಖರ್ಚು ಮಾಡಿ ತೆಗೆದ ಚಿತ್ರವನ್ನು ಒಂದೇ ಸಂಜೆ ಹತ್ತು ಊರಿನ ಟೂರಿಂಗ್ ಟಾಕೀಸಿನಲ್ಲಿ ತೋರಿಸಬಹುದು. ನಾಟಕಕ್ಕಾದರೋ ಪ್ರತಿ ರಾತ್ರಿಯೂ ಹೊಸ ಖರ್ಚು.

ಇದು ನಮ್ಮ ಡೇರೆಗಳ ಕಷ್ಟ ಮಾತ್ರವಲ್ಲ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 1988ರ ಜನವರಿಯಲ್ಲಿ ಆರಂಭವಾದ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ ಎಂಬ ಸಂಗೀತ ನಾಟಕ 35 ವರ್ಷ ನಡೆದು, 13,981 ಪ್ರದರ್ಶನ ಕಂಡು, 2023ರ ಏಪ್ರಿಲ್ 16ರಂದು ನಿಂತಿತು. ದೊಡ್ಡ ವಾದ್ಯಮೇಳ, ಭಾರಿ ರಂಗಸಜ್ಜಿಕೆಯ ವಾರದ ಖರ್ಚನ್ನು ಕೊರೊನಾ ನಂತರದ ಗಳಿಕೆ ತೂಗಿಸಲಿಲ್ಲ. ನಿಲ್ಲಿಸುತ್ತೇವೆ ಎಂದು 2022ರಲ್ಲಿ ಸಾರಿದ್ದೇ ತಡ, ಟಿಕೆಟ್ಟಿಗೆ ನೂಕುನುಗ್ಗಲಾಗಿ ಕೊನೆಯ ದಿನವನ್ನು ಎಂಟು ವಾರ ಮುಂದೂಡಬೇಕಾಯಿತು! ಅದೇ ರಂಗಮಂದಿರಕ್ಕೆ 2024ರಲ್ಲಿ ಬಂದದ್ದು 1959ರ ಹಳೆಯ ಸಂಗೀತ ನಾಟಕ ‘ಜಿಪ್ಸಿ’. ಅದೂ 2025ರ ಆಗಸ್ಟ್‌ನಲ್ಲಿ ಮುಗಿಯಿತು. ಡಾಲರಿನ ನಾಡಿನಲ್ಲೂ ಜನರ ಪ್ರೀತಿಯೊಂದರಿಂದಲೇ ದೀಪ ಉರಿಯುವುದಿಲ್ಲ.

ಆಡುವವನೇ ದುಡ್ಡು ಕೊಡುವ ನಾಟಕ

ಹಳ್ಳಿಯವರು ಈ ಲೆಕ್ಕವನ್ನೇ ತಿರುಗುಮುರುಗು ಮಾಡಿದರು. ಕಂಪನಿಯಲ್ಲಿ ನೋಡುವವನು ದುಡ್ಡು ಕೊಡಬೇಕು; ಹಳ್ಳಿಯ ‘ಕುರುಕ್ಷೇತ್ರ’ದಲ್ಲಿ ಕೊಡುವವನು ಆಡುವವನೇ. ಕೃಷ್ಣ, ದುರ್ಯೋಧನರಂಥ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಆಸೆಪಡುವವರು ಹೆಚ್ಚಿದ್ದರೆ ಒಂದೇ ಪಾತ್ರ ಇಬ್ಬರಿಗೆ ಹಂಚಿಕೆಯಾಗುತ್ತದೆ. ಅರ್ಧ ರಾತ್ರಿಯವರೆಗೆ ಒಬ್ಬ ಕೃಷ್ಣ, ಆಮೇಲೆ ಇನ್ನೊಬ್ಬ. ಆ ಹಣದಲ್ಲೇ ಹಾರ್ಮೋನಿಯಂ ಮೇಷ್ಟರ ಸಂಭಾವನೆ, ಬಾಡಿಗೆಯ ಸೀನು, ಉಡುಪು, ಮೈಕು, ಹೊರಗಿನಿಂದ ಬರುವ ಸ್ತ್ರೀಪಾತ್ರಧಾರಿಗಳ ಖರ್ಚು. ನೋಡುವವರಿಗೆ ಚಾಪೆ ಹಾಸಲು ಜಾಗ ಸಿಕ್ಕರೆ ಸಾಕು, ಟಿಕೆಟ್ ಇಲ್ಲ.

ಹಗಲೆಲ್ಲ ಉಳುವವನು, ಲಾರಿ ಓಡಿಸುವವನು, ಅಂಗಡಿಯವನು ಎರಡು ಮೂರು ತಿಂಗಳು ರಾತ್ರಿ ಕೂತು ಕಂದಪದ್ಯ ಕಲಿಯುತ್ತಾನೆ. ಓದು ಬಾರದವರೂ ಕೇಳಿ ಕೇಳಿಯೇ ರಾಗ ಹಿಡಿಯುತ್ತಾರೆ. ಶಾಲೆ ಕಾಲೇಜು ಕೊಡದ ಸಂಗೀತದ ಪಾಠ ಇಲ್ಲಿ ಗುಡಿಯ ಜಗಲಿಯ ಮೇಲೆ ನಡೆಯುತ್ತದೆ.

ಹಾಗೆಂದು ಇದರಲ್ಲಿ ಕೊರತೆಯಿಲ್ಲವೆಂದಲ್ಲ. ದುಡ್ಡಿದ್ದವನಿಗೆ ದೊಡ್ಡ ಪಾತ್ರ, ಕಂಠವಿದ್ದ ಬಡವನಿಗೆ ಹಿಂದಿನ ಸಾಲು ಎಂಬಂತಾಗುವುದುಂಟು. ಊರಿನ ಹೆಣ್ಣುಮಕ್ಕಳು ಹೆಚ್ಚಾಗಿ ನೋಡುವವರಾಗಿಯೇ ಉಳಿಯುತ್ತಾರೆ. ಕೆಲಸಕ್ಕೆಂದು ಮೈಸೂರು, ಬೆಂಗಳೂರು ಸೇರಿದ ಹುಡುಗರಿಗೆ ಮೂರು ತಿಂಗಳ ತಾಲೀಮಿಗೆ ಬಿಡುವಿಲ್ಲ. ಎಲ್ಲಕ್ಕಿಂತ ದೊಡ್ಡ ಚಿಂತೆ ಮೇಷ್ಟರದು. ಪ್ರತಿ ಹಾಡಿನ ಮಟ್ಟು, ಯಾವ ಪ್ರವೇಶಕ್ಕೆ ಯಾವ ರಾಗ ಎಂಬುದೆಲ್ಲ ಬಹುಮಟ್ಟಿಗೆ ಅವರ ನೆನಪಿನಲ್ಲೇ ಇದೆ. ಕಂಪನಿ ಮುಚ್ಚಿದ್ದು ದುಡ್ಡಿಲ್ಲದೆ. ಹಳ್ಳಿಯ ನಾಟಕ ನಿಂತರೆ ಅದು ಕಲಿಸುವವರಿಲ್ಲದೆ, ಕಲಿಯುವವರಿಲ್ಲದೆ.

ಜಾಗ ತುಂಬಿದವರು

ಕಂಪನಿಯ ತೆರೆ ಬಿದ್ದರೂ ಹಾಡು ಬೇರೆ ದಾರಿ ಹಿಡಿದದ್ದುಂಟು. ಬಾಲ್ಯದಲ್ಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ‘ಸತ್ತವರ ನೆರಳು’, ‘ಜೋಕುಮಾರಸ್ವಾಮಿ’ಯಂಥ ನಾಟಕಗಳಿಂದ ಹೊಸ ರಂಗಸಂಗೀತವನ್ನೇ ಕಟ್ಟಿದರು. 1989ರಲ್ಲಿ ಮೈಸೂರಿನಲ್ಲಿ ಹುಟ್ಟಿದ ರಂಗಾಯಣಕ್ಕೆ ಅವರೇ ಮೊದಲ ನಿರ್ದೇಶಕರು. ಸಂಬಳದ ಕಲಾವಿದರಿರುವ ಸರ್ಕಾರಿ ರೆಪರ್ಟರಿ ಅದಾದ್ದರಿಂದ ಒಂದು ರಾತ್ರಿಯ ಟಿಕೆಟ್ ಹಣಕ್ಕೆ ಅದರ ಉಸಿರು ಕಟ್ಟುವುದಿಲ್ಲ. 2010ರಲ್ಲಿ ಅದು ರಂಗಕ್ಕೆ ತಂದ, ಹಂಸಲೇಖ ಸಂಗೀತದ ‘ಮಲೆಗಳಲ್ಲಿ ಮದುಮಗಳು’ ಒಂಬತ್ತು ಗಂಟೆಗಳ ನಾಟಕ. ಬೆಳಗಾಗುವವರೆಗೆ ಕೂತು ನೋಡುವ ಹಳ್ಳಿಯ ಅಭ್ಯಾಸ ನಗರದಲ್ಲೂ ಸತ್ತಿಲ್ಲವೆಂದು ಅದು ತೋರಿಸಿತು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ‘ಸದಾರಮೆ’ಯನ್ನು ಮತ್ತೆ ಕಟ್ಟಿ, ತಾತ ಮಾಡುತ್ತಿದ್ದ ಕಳ್ಳನ ಪಾತ್ರವನ್ನು ತಾವೇ ಮಾಡಿದರು.

ಹೆಗ್ಗೋಡಿನ ನೀನಾಸಮ್ 1985ರಲ್ಲಿ ಶುರುಮಾಡಿದ ‘ತಿರುಗಾಟ’ ಇನ್ನೊಂದು ದಾರಿ. ಸಣ್ಣ ತಂಡ, ಸರಳ ಸಾಮಗ್ರಿ. ಕರೆದ ಊರಿನವರು ಸಂಭಾವನೆ ಕೊಟ್ಟು ಆಡಿಸುತ್ತಾರೆ. ಆನೆ ಕುದುರೆ ಇಲ್ಲದೆಯೂ ನಾಟಕ ಊರೂರು ಸುತ್ತಬಹುದೆಂಬುದು ಇದರ ಪಾಠ.

ಶಾಲೆಯ ಅಂಗಳಕ್ಕೆ

ಆದರೆ ರಂಗಾಯಣ ದಿನವೂ ಕೋಟೆಯ ಕಾಡಂಚಿನ ಹಳ್ಳಿಗೆ ಬರಲಾಗದು. ಈ ನಾಲ್ಕು ತಾಲ್ಲೂಕುಗಳಲ್ಲಿ ಬಾಡಿಗೆ, ಸಂಬಳ, ಪಾತ್ರದ ಹಣ ಯಾವುದೂ ಬೇಡದ ರಂಗ ಒಂದೇ ಇದೆ, ಅದು ಶಾಲೆ. ಅಂಗಳವಿದೆ, ಮಕ್ಕಳಿದ್ದಾರೆ, ನೋಡಲು ಅಪ್ಪ ಅಮ್ಮಂದಿರು ಬಂದೇ ಬರುತ್ತಾರೆ. ವಾರ್ಷಿಕೋತ್ಸವದಲ್ಲಿ ಧ್ವನಿಮುದ್ರಿತ ಸಿನಿಮಾ ಹಾಡಿಗೆ ಹತ್ತು ಕುಣಿತ ಇರುವಲ್ಲಿ, ಮಕ್ಕಳೇ ಹಾಡಿ ಆಡುವ ಅರ್ಧ ಗಂಟೆಯ ಒಂದು ಅಂಕಕ್ಕೆ ಜಾಗ ಸಿಗಬಾರದೇ? ಕೃಷ್ಣಸಂಧಾನದ ದೃಶ್ಯವೊಂದೇ ಸಾಕು. ಒಂದು ಹಾರ್ಮೋನಿಯಂ, ಒಂದು ತಬಲ, ಒಂದು ಪರದೆ. ಇಲ್ಲಿ ಪಾತ್ರ ಕಂಠ ನೋಡಿ ಸಿಗುತ್ತದೆ, ದುಡ್ಡು ನೋಡಿ ಅಲ್ಲ. ದ್ರೌಪದಿಯೂ ಊರಿನ ಹುಡುಗಿಯೇ ಆಗುತ್ತಾಳೆ, ಬಯಸಿದರೆ ದುರ್ಯೋಧನನೂ.

ನಾಟಕಕ್ಕೆ ಸೇರಿದರೆ ಓದು ಕೆಡುತ್ತದೆ ಎಂಬ ಭಯ ತಂದೆತಾಯಿಗಳಿಗೆ ಸಹಜ. ಆದರೆ ನೂರಾರು ಸಾಲು ಬಾಯಿಪಾಠ ಮಾಡಿ, ತಾಳ ತಪ್ಪದೆ, ಊರೆದುರು ನಿಂತು ಸ್ಪಷ್ಟವಾಗಿ ಮಾತಾಡುವುದನ್ನು ಕಲಿತ ಮಗು ಪಾಠದಲ್ಲಿ ಹಿಂದೆ ಬೀಳಬೇಕಾಗಿಲ್ಲ. ಇನ್ನೂ ಮುಂದೆ ಹೋಗುವ ಆಸೆಯಿದ್ದರೆ ರಂಗಾಯಣದ ಬೇಸಿಗೆಯ ಚಿಣ್ಣರ ಮೇಳವಿದೆ. ದೊಡ್ಡವರಾದ ಮೇಲೆ ಅಲ್ಲಿನ ರಂಗ ಶಿಕ್ಷಣ ಕೇಂದ್ರದ ಒಂದು ವರ್ಷದ ಡಿಪ್ಲೊಮಾ, ಹೆಗ್ಗೋಡಿನಲ್ಲಿ ನೀನಾಸಮ್ ರಂಗಶಿಕ್ಷಣವೂ ಇವೆ.

ಅದಕ್ಕೂ ಮುಂಚೆ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಈ ರಜೆಯಲ್ಲಿ ತಮ್ಮ ಹೋಬಳಿಯ ಹಾರ್ಮೋನಿಯಂ ಮೇಷ್ಟರನ್ನು ಹುಡುಕಿ, ಅವರು ಒಪ್ಪಿದರೆ, ಮೊಬೈಲಿನಲ್ಲಿ ನಾಲ್ಕು ಹಾಡು ಹಿಡಿದಿಟ್ಟುಕೊಳ್ಳಬಹುದು. ಯಾವ ನಾಟಕದ್ದು, ಯಾವ ಪಾತ್ರದ್ದು, ಯಾವ ರಾಗ, ಯಾವ ತಾಳ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬಹುದು. ನಾಲ್ಕರಲ್ಲಿ ಒಂದನ್ನಾದರೂ ಅವರೆದುರೇ ಕೂತು ಕಲಿತರೆ, ಮೇಷ್ಟರಿಗೆ ಒಬ್ಬ ಶಿಷ್ಯ ಸಿಕ್ಕಂತಾಗುತ್ತದೆ, ಮುಂದಿನ ಶಿವರಾತ್ರಿಗೆ ಊರಿಗೆ ಒಂದು ಕಂಠ ಸಿಕ್ಕಂತಾಗುತ್ತದೆ.