ಉಪ್ಪುನೀರಿನ ದ್ವೀಪದಲ್ಲಿ ಪಾದ್ರಿಯ ದಿನಚರಿ

ಕೋಲ್ಕತ್ತದ ಸಿಯಾಲ್ದಾ ನಿಲ್ದಾಣದ ದಕ್ಷಿಣ ವಿಭಾಗದಿಂದ ಕ್ಯಾನಿಂಗ್‌ಗೆ ಸುಮಾರು 45 ಕಿಲೋಮೀಟರ್. ಬೆಳಗಿನ ಜಾವ ಆ ಕಡೆಯಿಂದ ಬರುವ ಲೋಕಲ್ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಗರದ ಮನೆಗೆಲಸಕ್ಕೆ ಬರುವ ಹೆಂಗಸರು, ಮೀನು ಏಡಿಗಳ ಬುಟ್ಟಿಗಳು. 1862ರಲ್ಲಿ ಈ ಹಳಿ ಹಾಕಿದ್ದು ಇವರನ್ನು ನೆನೆದು ಅಲ್ಲವೇ ಅಲ್ಲ. ಮಾತ್ಲಾ ನದಿಯ ದಂಡೆಯಲ್ಲಿ ಕಲ್ಕತ್ತೆಗೆ ಪರ್ಯಾಯವಾಗಿ ಇನ್ನೊಂದು ಬಂದರು ಕಟ್ಟುವ ಹುಚ್ಚು ಬ್ರಿಟಿಷರಿಗೆ ಹಿಡಿದಿತ್ತು. ಬಿರುಗಾಳಿಗಳನ್ನು ಅಭ್ಯಾಸ ಮಾಡಿದ್ದ ಹೆನ್ರಿ ಪಿಡಿಂಗ್ಟನ್, ಸಮುದ್ರ ನುಗ್ಗುತ್ತದೆ, ಬೇಡ ಎಂದು ಮೊದಲೇ ಎಚ್ಚರಿಸಿದ್ದರು. ಕೇಳುವವರು ಯಾರು? 1867ರ ಚಂಡಮಾರುತ ಅವರ ಮಾತನ್ನು ನಿಜಮಾಡಿತು. ಬಂದರು ಹೋಯಿತು, ರೈಲು ಉಳಿಯಿತು.

ಆ ರೈಲು ಮುಗಿಯುವಲ್ಲಿ ಸುಂದರಬನದ ದ್ವೀಪಗಳು ಶುರು. ಭಾರತದ ಪಾಲಿಗೆ ಬಂದ 102 ದ್ವೀಪಗಳಲ್ಲಿ ಜನವಸತಿ ಇರುವುದು 54ರಲ್ಲಿ. ಕುಮಟಾ ಕಡೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಇಲ್ಲಿನ ಬದುಕನ್ನು ಹೆಚ್ಚು ವಿವರಿಸಬೇಕಿಲ್ಲ: ಒಂದು ಬದಿಗೆ ಉಪ್ಪುನೀರು, ಇನ್ನೊಂದು ಬದಿಗೆ ಭತ್ತ, ನಡುವೆ ಮಣ್ಣಿನ ಒಡ್ಡು. ವ್ಯತ್ಯಾಸವೆಂದರೆ ಇಲ್ಲಿ ಒಡ್ಡಿನ ಒಳಗೆ ಮನೆಯೂ ಇದೆ, ಮಕ್ಕಳೂ ಮಲಗಿವೆ. ಭರತ ಏರಿದಾಗ ನದಿಯ ನೀರು ಅಂಗಳಕ್ಕಿಂತ ಎತ್ತರದಲ್ಲಿರುತ್ತದೆ.

ಕ್ರೊವೇಷಿಯಾದ ಮೆಟ್ಕೊವಿಚ್ ಊರಿನ ಆಂಟೆ ಗಾಬ್ರಿಚ್ ಎಂಬ ಯೇಸುಸಭೆಯ ಪಾದ್ರಿ ಆಯುಷ್ಯ ಸವೆಸಿದ್ದು ಇಲ್ಲಿ. ಹುಟ್ಟಿದ್ದು 1915ರಲ್ಲಿ, ಭಾರತಕ್ಕೆ ಬಂದದ್ದು 1938ರಲ್ಲಿ, ತೀರಿಕೊಂಡದ್ದು 1988ರಲ್ಲಿ, ಇದೇ ಸೀಮೆಯ ಮಾರಿಯಾಪಲ್ಲಿಯಲ್ಲಿ. ಅವರು ಓಡಾಡಿದ ಬಾಸಂತಿಗೆ ಆಗ ಸೇತುವೆ ಇರಲಿಲ್ಲ. ಇಳಿತ ನೋಡದೆ ಹೊರಟ ದೋಣಿ ಕೆಸರಿಗೆ ಕಚ್ಚಿಕೊಂಡರೆ ಮತ್ತೆ ನೀರು ಏರುವ ತನಕ ತಾಸುಗಟ್ಟಲೆ ಅಲ್ಲೇ. ಮಳೆಗಾಲದಲ್ಲಿ ಒಡ್ಡಿನ ಮೇಲಿನ ದಾರಿ ಮೊಣಕಾಲು ತನಕ ಹೂಳುವ ಜೇಡಿ. ಚಪ್ಪಲಿ ಕೈಯಲ್ಲಿ ಹಿಡಿದೇ ನಡೆಯಬೇಕು. ಇಂಥಲ್ಲಿ ಬಲಿಪೂಜೆ ಮುಗಿಸಿ ಬಾಗಿಲು ತೆರೆದರೆ ಹೊರಗೆ ಕಾದಿರುವುದು ಭೇದಿ ಹಿಡಿದ ಮಗು, ಹಾವು ಕಚ್ಚಿದವನು, ಮಡಕೆಯಲ್ಲಿ ಅಕ್ಕಿಯಿಲ್ಲದವಳು. ಶಾಲೆಯ ಮಕ್ಕಳಿಗೆ ಪಾಠಕ್ಕಿಂತ ಮೊದಲು ಹೊಟ್ಟೆಗಾಗಬೇಕು. ಉಪದೇಶಕ್ಕೆ ಉಳಿಯುವುದು ಇದೆಲ್ಲದರ ನಡುವಿನ ಚೂರುಪಾರು ವೇಳೆ.

ಅನ್ನ ತೋರಿಸಿ ಮತ ಬದಲಿಸುತ್ತಾರೆ ಎಂಬ ಆಪಾದನೆ ಹಳೆಯದು, ಸುಮ್ಮನೆ ತಳ್ಳಿಹಾಕುವಂಥದ್ದೂ ಅಲ್ಲ. ಹಸಿದವನ ಎದುರು ಅನ್ನ ಇಟ್ಟವನಿಗೆ ಅಧಿಕಾರ ತಾನಾಗಿ ಬಂದುಬಿಡುತ್ತದೆ. ಆದರೆ 1943ರ ಬರದಲ್ಲಿ ಬಂಗಾಳದ ದಾರಿಗಳಲ್ಲಿ ಹೆಣ ಬಿದ್ದಾಗ ಅನ್ನ ಇಡುವ ಕೈಗಳೇ ಕಡಿಮೆಯಿದ್ದವು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಈ ಪಾದ್ರಿಗಳ ಇನ್ನೊಂದು ನಿತ್ಯದ ಕೆಲಸ ಪತ್ರ ಬರೆಯುವುದು. ಊರಿಗೆ ಪತ್ರ ಹೋದರೆ ತಾನೇ ಅಲ್ಲಿಂದ ಹಣ, ಔಷಧಿ ಬರುವುದು? ಗಾಬ್ರಿಚ್ ಬರುವ ಮೊದಲೇ, 1920ರ ದಶಕದಲ್ಲಿ, ಯುಗೊಸ್ಲಾವಿಯಾದ ಯೇಸುಸಭೆಯವರು ಬಂಗಾಳಕ್ಕೆ ಬಂದಿದ್ದರು. ಅವರ ಪತ್ರಗಳನ್ನು ಸ್ಕೋಪ್ಯೆ ನಗರದ ಚರ್ಚಿನಲ್ಲಿ ಓದುತ್ತಿದ್ದರು. ಕೇಳುತ್ತಿದ್ದ ಹುಡುಗಿಯೊಬ್ಬಳು ಮನಸ್ಸು ಮಾಡಿ 1929ರ ಆರಂಭದಲ್ಲಿ ಕಲ್ಕತ್ತೆಗೆ ಬಂದಿಳಿದಳು. ಮುಂದೆ ಮದರ್ ತೆರೇಸಾ ಆದವಳು ಆಕೆಯೇ.

ಗಾಬ್ರಿಚ್‌ಗಿಂತ ಒಂದೂವರೆ ಶತಮಾನ ಹಿಂದೆ ಇದೇ ಉಪ್ಪುನೀರಿಗೆ ಬಂದು ಸೋತ ಪಾದ್ರಿ ವಿಲಿಯಂ ಕೇರಿ. 1817ರಲ್ಲಿ ಸೆರಾಂಪುರದಿಂದ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದವರು ಎಂದು ನಾವು ಅವರನ್ನು ಬಲ್ಲೆವು. 1793ರ ನವೆಂಬರಿನಲ್ಲಿ ಬಂದಾಗ ಅವರು ಪುಡಿಗಾಸಿಲ್ಲದ ಮಾಜಿ ಚಮ್ಮಾರ. ತಂದ ಹಣವನ್ನು ಜೊತೆಗಾರ ಡಾಕ್ಟರ್ ಜಾನ್ ಥಾಮಸ್ ಕೆಲವೇ ವಾರಗಳಲ್ಲಿ ಕರಗಿಸಿದ್ದರು. ಈಗಿನ ಸಿಯಾಲ್ದಾಕ್ಕೆ ಹತ್ತಿರದ ಮಾಣಿಕ್ತಲಾದಲ್ಲಿ ಬಡ್ಡಿ ವ್ಯಾಪಾರಿಯೊಬ್ಬ ಕೊಟ್ಟ ತೋಟದ ಮನೆಯೇ ಗತಿಯಾಯಿತು. 1794ರ ಫೆಬ್ರವರಿಯಲ್ಲಿ ಹೆಂಡತಿ ಡೊರೊಥಿ, ನಾಲ್ವರು ಗಂಡುಮಕ್ಕಳು, ನಾದಿನಿ ಕಿಟ್ಟಿ, ಮುನ್ಷಿ ರಾಮರಾಮ ಬಸು ಸಮೇತ ದೋಣಿ ಹತ್ತಿ ಸುಂದರಬನದ ದೇಭಟ್ಟಕ್ಕೆ ಹೊರಟರು. ಇಚ್ಛಾಮತಿಯಾಚೆ, ಈಗ ಬಾಂಗ್ಲಾದೇಶದಲ್ಲಿರುವ ಊರು. ಸಿಯಾಲ್ದಾದಿಂದ ಹೊರಡುವ ಹಾಸ್ನಾಬಾದ್ ರೈಲು ಈಚೆ ದಡದ ತನಕ ಹೋಗುತ್ತದೆ.

ತಿನ್ನಲು ತಂದದ್ದು ಮುಗಿಯುತ್ತಾ ಬಂದಾಗ ಕಂಪನಿಯ ಉಪ್ಪಿನ ಕಾರಖಾನೆ ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಶಾರ್ಟ್ ಸಿಕ್ಕರು. ಅಷ್ಟು ಜನ ಅಪರಿಚಿತರನ್ನು ತಮ್ಮ ಬಂಗಲೆಗೇ ಕರೆದು ಇಟ್ಟುಕೊಂಡರು. ಧರ್ಮದ ಮಾತಿಗೆ ಕಿವಿಗೊಡುವ ಆಸಾಮಿ ಅವರಲ್ಲ. ಕೇರಿ ಹುಲಿಕಾಡು ಕಡಿದು, ಬಿದಿರಿನ ಮನೆ ಕಟ್ಟಿ, ತರಕಾರಿ ಬೆಳೆಯುವ ಲೆಕ್ಕಾಚಾರದಲ್ಲಿ ಮುಳುಗಿದರು. ಡೊರೊಥಿಯದೂ ಹಿರಿಮಗ ಫೆಲಿಕ್ಸನದೂ ಹೊಟ್ಟೆ ಕೆಟ್ಟಿತ್ತು. ಹೆಂಗಸರು ಬ್ರೆಡ್ಡು ಸಿಗುವುದಿಲ್ಲವೆಂದು ಗೊಣಗುತ್ತಾರೆ ಎಂದು ಕೇರಿ ದಿನಚರಿಯಲ್ಲಿ ಬೇಸರದಿಂದ ಬರೆದುಕೊಂಡಿದ್ದಾರೆ. ಮದುವೆಯ ದಾಖಲೆಯಲ್ಲಿ ಸಹಿಯ ಜಾಗಕ್ಕೆ ಗುರುತು ಹಾಕಿದ್ದ ಡೊರೊಥಿ ದಿನಚರಿ ಬರೆಯುವ ಮಾತೇ ಇರಲಿಲ್ಲ. ಆಕೆಯ ಹಸಿವು ನಮ್ಮ ತನಕ ಬಂದದ್ದು ಗಂಡನ ದೂರಾಗಿ.

ಕಾಡು ಕಡಿದು ಮುಗಿಯಲಿಲ್ಲ. ಮಾಲ್ದಾ ಕಡೆಯ ಮದನಾಬಾಟಿಯಲ್ಲಿ ನೀಲಿ ಕಾರಖಾನೆಯ ಕೆಲಸ ಸಿಕ್ಕಿತೆಂದು ಮೇ ತಿಂಗಳಲ್ಲಿ ಕೇರಿ ಗಂಟುಮೂಟೆ ಕಟ್ಟಿದರು. ಅಲ್ಲಿ ಅಕ್ಟೋಬರಿನಲ್ಲಿ ಐದು ವರ್ಷದ ಮಗ ಪೀಟರ್ ಸತ್ತ. ಡೊರೊಥಿಯ ಬುದ್ಧಿ ಕದಡಿದ್ದು 1807ರಲ್ಲಿ ಆಕೆ ಸಾಯುವ ತನಕ ತಿಳಿಯಾಗಲಿಲ್ಲ. ಕಿಟ್ಟಿ ಮಾತ್ರ ಅವರೊಡನೆ ದೋಣಿ ಹತ್ತಲಿಲ್ಲ. ದೇಭಟ್ಟದಲ್ಲೇ ಉಳಿದು, ಉಪ್ಪಿನ ಅಧಿಕಾರಿ ಶಾರ್ಟನನ್ನು ಮದುವೆಯಾದಳು.